ಹಳದಿ ಬಸ್ಸಿನ ದನಿಗೆ ಕಿವಿಗೊಟ್ಟವರು

ಮನುಷ್ಯರು ಎಷ್ಟು ಬಗೆಯೋ ಅವರ ಹವ್ಯಾಸಗಳೂ ಅಷ್ಟು ಬಗೆ. ಒಬ್ಬರಿಗೆ ಅಂಚೆಚೀಟಿಯ ಮೇಲೆ ಪ್ರೀತಿ, ಇನ್ನೊಬ್ಬರಿಗೆ ಹಳೆಯ ನಾಣ್ಯಗಳ ಮೇಲೆ, ಮತ್ತೊಬ್ಬರಿಗೆ ಓಲೆಗರಿಗಳ ಮೇಲೆ. ಇವೆಲ್ಲ ಕೈಯಲ್ಲಿ ಹಿಡಿಯಬಹುದಾದ, ಕಪಾಟಿನಲ್ಲಿಟ್ಟು ನಾಲ್ಕು ಜನರಿಗೆ ತೋರಿಸಬಹುದಾದ ವಸ್ತುಗಳು. ಆದರೆ ಹುಟ್ಟಿದ ಮರುಕ್ಷಣವೇ ಇಲ್ಲವಾಗುವ ಧ್ವನಿಯನ್ನು ಕೂಡಿಡುವವರೂ ಲೋಕದಲ್ಲಿದ್ದಾರೆ. ಅಂಥವರಲ್ಲಿ ಒಂದು ವಿಶಿಷ್ಟ ಬಳಗ ಅಮೆರಿಕದಲ್ಲಿದೆ. ಆ ನಾಡಿನ ಹಳೆಯ ಶಾಲಾ ಬಸ್ಸುಗಳು ಹೊರಡುವಾಗ, ಏರು ಹತ್ತುವಾಗ, ನಿಲ್ಲುವಾಗ ಮಾಡುತ್ತಿದ್ದ ಸದ್ದುಗಳಿಗೆ ಮನಸೋತವರು ಇವರು.

ಕೇಳಿದೊಡನೆ ನಗು ಬರಬಹುದು. ಬಸ್ಸಿನ ಗದ್ದಲದಲ್ಲಿ ಏನು ಸೊಗಸಿದೆ ಎಂದು ಪ್ರಶ್ನಿಸುವವರೇ ಹೆಚ್ಚು. ನಮಗೂ ಮೊದಲಿಗೆ ಇದೊಂದು ವಿಚಿತ್ರ ಹುಚ್ಚೆಂದೇ ತೋರಿತು. ಆದರೆ ಆ ಧ್ವನಿಗಳ ಹಿಂದಿನ ಚರಿತ್ರೆಯನ್ನೂ ಯಂತ್ರಗಳ ಒಳಗುಟ್ಟನ್ನೂ ತಿಳಿಯುತ್ತ ಹೋದಂತೆ, ಇದು ಮಕ್ಕಳನ್ನು ಜೋಪಾನವಾಗಿ ಶಾಲೆಗೆ ತಲುಪಿಸಲು ಒಂದು ಸಮಾಜ ಪಟ್ಟ ಪಾಡಿನ ಕಥೆಯೂ ಹೌದೆಂಬುದು ಮನವರಿಕೆಯಾಯಿತು. ನಮ್ಮ ಎಷ್ಟೋ ಮನೆಗಳ ಮೊಮ್ಮಕ್ಕಳು ಇಂದು ಆ ದೇಶದಲ್ಲಿ ಇದೇ ಹಳದಿ ಬಸ್ಸುಗಳನ್ನೇರಿ ಶಾಲೆಗೆ ಹೋಗುತ್ತಿದ್ದಾರೆ. ಮಕ್ಕಳ ಬಳಿ ಕೆಲವು ತಿಂಗಳಿದ್ದು ಬಂದ ಅಜ್ಜ ಅಜ್ಜಿಯರು ಬೆಳಗಿನ ಚಳಿಯಲ್ಲಿ ಮೊಮ್ಮಗುವಿನ ಕೈಹಿಡಿದು ಆ ಬಸ್ಸಿಗಾಗಿ ಕಾದಿದ್ದಾರೆ. ಆದ್ದರಿಂದ ಈ ವಿಷಯ ನಮ್ಮ ವಾಚಕರಿಗೆ ತೀರ ಹೊರಗಿನದೇನೂ ಅಲ್ಲ.

ಬಣ್ಣ ಬಂದ ಬಗೆ

ಅಮೆರಿಕದ ಶಾಲಾ ಬಸ್ಸು ಮೊದಲು ಕುದುರೆಬಂಡಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಳ್ಳಿಗಾಡಿನ ಮಕ್ಕಳನ್ನು ಹಲಗೆಯ ಬೆಂಚುಗಳಿದ್ದ ಬಂಡಿಗಳಲ್ಲಿ ಕೂರಿಸಿ ಶಾಲೆಗೆ ಕರೆದೊಯ್ಯುತ್ತಿದ್ದರು. ಮಕ್ಕಳ ಗಲಾಟೆಗೆ ಕುದುರೆ ಬೆದರಬಾರದೆಂದು ಬಾಗಿಲನ್ನು ಬಂಡಿಯ ಹಿಂಬದಿಯಲ್ಲಿ ಇಡುತ್ತಿದ್ದರಂತೆ. ಮೋಟಾರು ವಾಹನಗಳು ಬಂದ ಮೇಲೆ ಮರದ ಕವಚ ಹೋಗಿ ಉಕ್ಕಿನ ಕವಚ ಬಂದಿತು. ಜಾರ್ಜಿಯಾ ರಾಜ್ಯದಲ್ಲಿ ಆಲ್ಬರ್ಟ್ ಲೂಸ್ ಎಂಬವರು 1927ರಲ್ಲಿ ಫೋರ್ಡ್ ವಾಹನದ ತಳಗಟ್ಟಿನ ಮೇಲೆ ಕಟ್ಟಿದ ಬಸ್ಸಿನಿಂದ ಬ್ಲೂ ಬರ್ಡ್ ಕಂಪನಿ ಮೊದಲಾಯಿತು. ಆ ಮೊದಲ ಬಸ್ಸನ್ನು ಇಂದಿಗೂ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಪಟ್ಟಣದ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

ಆ ದಿನಗಳಲ್ಲಿ ಒಂದೊಂದು ಊರಿನ ಬಸ್ಸಿಗೆ ಒಂದೊಂದು ಬಣ್ಣ, ಒಂದೊಂದು ಅಳತೆ. ಇದನ್ನು ಸರಿಪಡಿಸಲು ಹೊರಟವರು ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಫ್ರಾಂಕ್ ಸಿರ್. ಅವರು 1939ರ ಏಪ್ರಿಲ್‌ನಲ್ಲಿ ಅಂದಿನ 48 ರಾಜ್ಯಗಳ ಪ್ರತಿನಿಧಿಗಳನ್ನೂ ಬಸ್ಸು ತಯಾರಕರನ್ನೂ ನ್ಯೂಯಾರ್ಕಿಗೆ ಕರೆಸಿ ಏಳು ದಿನಗಳ ಸಮ್ಮೇಳನ ನಡೆಸಿದರು. ಅಲ್ಲಿ ಬಸ್ಸಿನ ಉದ್ದ, ಛಾವಣಿಯ ಎತ್ತರ, ನಡುದಾರಿಯ ಅಗಲ ಮೊದಲಾದ 44 ನಿಯಮಗಳು ನಿಶ್ಚಯವಾದವು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಬಣ್ಣದ ಪಟ್ಟಿಗಳಿಂದ ಕಿತ್ತಳೆ ಬೆರೆತ ಒಂದು ಹಳದಿಯನ್ನು ಆರಿಸಲಾಯಿತು. ಮುಂಜಾನೆಯ ಮಬ್ಬಿನಲ್ಲಿಯೂ ಅದರ ಮೇಲಿನ ಕಪ್ಪಕ್ಷರ ಸ್ಪಷ್ಟವಾಗಿ ಕಾಣುತ್ತದೆಂಬುದೇ ಆಯ್ಕೆಗೆ ಕಾರಣ.

ಹೀಗೆ ಕಣ್ಣಿಗೆ ಗುರುತಾದ ಬಣ್ಣ ಬಂದಿತು. ಆದರೆ ಬಸ್ಸಿನ ಧ್ವನಿಯನ್ನು ಯಾವ ಸಮ್ಮೇಳನವೂ ಗೊತ್ತುಮಾಡಲಿಲ್ಲ. ಕವಚವನ್ನು ಒಂದು ಕಂಪನಿ ಕಟ್ಟಿದರೆ ತಳಗಟ್ಟನ್ನು ಇನ್ನೊಂದು ಕೊಡುತ್ತಿತ್ತು, ಇಂಜಿನ್ ಮೂರನೆಯವರದು, ಗೇರುಪೆಟ್ಟಿಗೆ ನಾಲ್ಕನೆಯವರದು. ಹೊರನೋಟಕ್ಕೆ ಒಂದೇ ತಾಯಿಯ ಮಕ್ಕಳಂತೆ ಕಾಣುವ ಬಸ್ಸುಗಳು ದನಿ ತೆಗೆದೊಡನೆ ಬೇರೆಬೇರೆಯಾಗುತ್ತಿದ್ದವು. ಧ್ವನಿಪ್ರಿಯರ ಹವ್ಯಾಸಕ್ಕೆ ಬೀಜ ಬಿದ್ದದ್ದು ಇಲ್ಲಿಯೇ. ನೋಟದಲ್ಲಿ ಭೇದವಿಲ್ಲದ ಕಡೆ ಭೇದವನ್ನು ಕಿವಿಯಿಂದ ಕಂಡುಕೊಳ್ಳಬೇಕಾಯಿತು.

ಒಂದು ಸ್ಥಾಯಿ ಮೇಲಿನ ಇಂಜಿನ್

ಈ ಬಳಗದವರು ಅತ್ಯಂತ ಆದರದಿಂದ ಸ್ಮರಿಸುವ ಧ್ವನಿ ಡೆಟ್ರಾಯಿಟ್ ಡೀಸೆಲ್ ಎಂಬ ಇಂಜಿನಿನದು. ಜನರಲ್ ಮೋಟಾರ್ಸ್ ಸಂಸ್ಥೆ 1938ರಲ್ಲಿ ಹೊರತಂದ ಈ ಮಾಲಿಕೆಗೆ 71 ಎಂಬ ಸಂಖ್ಯೆಯ ಹೆಸರು. ಒಂದೊಂದು ಸಿಲಿಂಡರಿನ ಗಾತ್ರ 71 ಘನ ಅಂಗುಲವಾದ್ದರಿಂದ ಆ ಹೆಸರು ಬಂದಿತು. ಆರು ಸಿಲಿಂಡರುಗಳಿದ್ದರೆ ಅದು 6-71. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸಮುದ್ರತೀರಕ್ಕೆ ಇಳಿಸಿದ ದೋಣಿಗಳಲ್ಲಿ ದುಡಿದ ಈ ಇಂಜಿನ್ ಮುಂದೆ ಲಾರಿಗಳಿಗೂ ನಗರದ ಬಸ್ಸುಗಳಿಗೂ ಕೆಲವು ಶಾಲಾ ಬಸ್ಸುಗಳಿಗೂ ಬಂದಿತು.

ಇದರ ದನಿ ಬೇರೆ ಡೀಸೆಲ್ ಇಂಜಿನುಗಳಂತೆ ಗಡುಸಾಗಿ ಗುಡುಗದೆ ತಾರಕದಲ್ಲಿ ಕೂಗುವುದಕ್ಕೆ ಸರಳವಾದ ಕಾರಣವಿದೆ. ಸಾಮಾನ್ಯ ಇಂಜಿನಿನಲ್ಲಿ ಪಿಸ್ಟನ್ ನಾಲ್ಕು ಸಲ ಮೇಲೆ ಕೆಳಗೆ ಚಲಿಸಿದಾಗ, ಅಂದರೆ ದಂಡ ಎರಡು ಸುತ್ತು ತಿರುಗಿದಾಗ, ಒಮ್ಮೆ ಇಂಧನ ಉರಿಯುತ್ತದೆ. ಡೆಟ್ರಾಯಿಟ್ ಇಂಜಿನಿನಲ್ಲಿ ಪ್ರತಿಯೊಂದು ಸುತ್ತಿಗೂ ಒಮ್ಮೆ ಉರಿಯುತ್ತದೆ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 2100 ಸುತ್ತು ಎಂದರೆ ಸೆಕೆಂಡಿಗೆ 35 ಸುತ್ತು. ಆರು ಸಿಲಿಂಡರಿನ ಸಾಮಾನ್ಯ ಇಂಜಿನಿನಲ್ಲಿ ಆಗ ಸೆಕೆಂಡಿಗೆ 105 ಸಿಡಿತಗಳು, 6-71ರಲ್ಲಿ 210. ಸಂಗೀತ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಕಂಪನ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಮಂದ್ರದ ಷಡ್ಜ ಮಧ್ಯದ ಷಡ್ಜವಾಗುತ್ತದೆ. ಬಸ್ಸಿನ ವೇಗ ಹೆಚ್ಚದಿದ್ದರೂ ಇಂಜಿನ್ ಇಮ್ಮಡಿ ಓಡುತ್ತಿದೆಯೇನೋ ಎಂಬ ಭ್ರಮೆ ಕೇಳುವವರಿಗಾಗುತ್ತದೆ.

ಇದಕ್ಕೆ ಜೊತೆಯಾಗಿ ಇನ್ನೊಂದು ಸ್ವರವೂ ಇದೆ. ಈ ಬಗೆಯ ಇಂಜಿನಿಗೆ ತಾನೇ ಉಸಿರೆಳೆದುಕೊಳ್ಳುವ ಶಕ್ತಿ ಇಲ್ಲ. ಹೊಗೆಯನ್ನು ಹೊರದೂಡಿ ಹೊಸ ಗಾಳಿ ತುಂಬಲು ಪಕ್ಕದಲ್ಲೊಂದು ಊದುಯಂತ್ರ ಬೇಕು. ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಹಕ್ಕುಪತ್ರ ಪಡೆದ ಊದುಯಂತ್ರದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಒಂದರೊಳಗೊಂದು ಹೊಂದಿಕೊಂಡು ತಿರುಗುವ ಎರಡು ಉರುಳೆಗಳು ಗಾಳಿಯನ್ನು ತಳ್ಳುವಾಗ ಸನ್ನನೆಯ ಶಿಳ್ಳೆಯೊಂದು ಏಳುತ್ತದೆ. ಸಿಡಿತದ ಶ್ರುತಿಯ ಮೇಲೆ ಈ ಶಿಳ್ಳೆ ಕೂತಾಗ ಹುಟ್ಟುವ ಒಟ್ಟು ನಾದಕ್ಕೆ ಅಲ್ಲಿಯ ಲಾರಿ ಚಾಲಕರು ‘ಕಿರುಚುವ ಜಿಮ್ಮಿ’ ಎಂಬ ಅಡ್ಡಹೆಸರನ್ನೇ ಇಟ್ಟಿದ್ದರು.

ಶಾಲಾ ಬಸ್ಸುಗಳಲ್ಲಿ ಈ ಇಂಜಿನಿನ ಕೀರ್ತಿ ನಿಂತಿರುವುದು ಕ್ಯಾಲಿಫೋರ್ನಿಯಾದ ಕ್ರೌನ್ ಸೂಪರ್‌ಕೋಚ್ ಎಂಬ ಬಸ್ಸಿನಲ್ಲಿ. ಲಾಸ್ ಏಂಜಲೀಸಿನ ಕ್ರೌನ್ ಕಂಪನಿ ಕಟ್ಟುತ್ತಿದ್ದ ಈ ಬಸ್ಸಿನ ಇಂಜಿನ್ ಮುಂದೂ ಅಲ್ಲ, ಹಿಂದೂ ಅಲ್ಲ. ನಡುಭಾಗದಲ್ಲಿ, ಮಕ್ಕಳು ಕಾಲಿಡುವ ನೆಲದ ಕೆಳಗೆ ಮಲಗಿಸಿದಂತಿತ್ತು. ಹಿಂಬದಿಗೆ ಎರಡು ಅಚ್ಚುಗಳಿದ್ದ ದೊಡ್ಡ ಬಸ್ಸುಗಳಲ್ಲಿ 90ಕ್ಕೂ ಹೆಚ್ಚು ಮಕ್ಕಳು ಕೂರಬಹುದಾಗಿತ್ತು. ಹತ್ತು ಗೇರುಗಳ ಪೆಟ್ಟಿಗೆಯಿದ್ದ ಬಸ್ಸು ಬೆಟ್ಟದ ದಾರಿ ಹತ್ತುವಾಗ ಚಾಲಕ ಗೇರು ಬದಲಿಸಿದಂತೆಲ್ಲ ಇಂಜಿನಿನ ಸ್ವರ ಏರುವುದು, ತುಸು ಇಳಿಯುವುದು, ಮತ್ತೆ ಏರುವುದು. ನೆಲದ ಹಲಗೆಯ ಮೂಲಕ ಅಂಗಾಲಿಗೂ ತಟ್ಟುತ್ತಿದ್ದ ಈ ನಾದವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲವೆಂಬುದು ಈ ಬಳಗದ ಒಕ್ಕೊರಲ ಮಾತು. 1991ರಲ್ಲಿ ಕ್ರೌನ್ ಬಸ್ಸುಗಳ ತಯಾರಿಕೆ ನಿಂತುಹೋಯಿತು.

ಇಳಿಜಾರಿನ ಗುಡುಗು

ಹತ್ತುವ ದನಿಯಂತೆ ಇಳಿಯುವ ದನಿಗೂ ಒಂದು ಕಥೆ ಇದೆ. ಡೀಸೆಲ್ ಇಂಜಿನ್ ತಯಾರಿಕೆಯಲ್ಲಿ ಹೆಸರಾದ ಕ್ಲೆಸ್ಸಿ ಕಮಿನ್ಸ್ ಅವರು 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಲಾರಿಯೊಂದನ್ನು ಇಳಿಸುತ್ತಿದ್ದಾಗ ಬ್ರೇಕುಗಳು ಕಾದು ಹಿಡಿತ ಕಳೆದುಕೊಂಡವು. ಕೆಳಗಡೆ ರಸ್ತೆಗೆ ಅಡ್ಡವಾಗಿ ಸರಕುರೈಲೊಂದು ಹಾದುಹೋಗುತ್ತಿತ್ತು. ರೈಲಿನ ಕೊನೆಯ ಡಬ್ಬಿ ದಾಟುವುದಕ್ಕೂ ಲಾರಿ ಅಲ್ಲಿಗೆ ತಲುಪುವುದಕ್ಕೂ ಕೂದಲೆಳೆಯ ಅಂತರವಿತ್ತಂತೆ. ಆ ಭಯವನ್ನು ಅವರು ಮರೆಯಲಿಲ್ಲ. ಗಾಲಿಯ ಬ್ರೇಕಿನ ಬದಲು ಇಂಜಿನಿನಿಂದಲೇ ವಾಹನದ ವೇಗ ತಗ್ಗಿಸುವ ಉಪಾಯವನ್ನು ಮುಂದೆ ಕಂಡುಹಿಡಿದರು. ಆ ಸಾಧನ 1961ರಲ್ಲಿ ಜೇಕಬ್ಸ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂದಿತು.

ಸಿಲಿಂಡರಿನಲ್ಲಿ ಒತ್ತಿ ಹಿಡಿದ ಗಾಳಿಯನ್ನು ಉರಿಯುವ ಮೊದಲೇ ಥಟ್ಟನೆ ಹೊರಬಿಡುವುದು ಈ ಬ್ರೇಕಿನ ಕ್ರಮ. ಗಾಳಿಯನ್ನು ಒತ್ತಲು ಇಂಜಿನ್ ಪಟ್ಟ ಶ್ರಮವೆಲ್ಲ ವ್ಯರ್ಥವಾಗಿ, ವಾಹನದ ಓಟ ಕುಗ್ಗುತ್ತದೆ. ಹಾಗೆ ಬಿಟ್ಟ ಗಾಳಿ ಪಟಪಟನೆ ಸಿಡಿದು ಕಣಿವೆಯಲ್ಲೆಲ್ಲ ಮೊಳಗುತ್ತದೆ. ಗುಡ್ಡಗಾಡಿನಲ್ಲಿ ಓಡುತ್ತಿದ್ದ ಕೆಲವು ಶಾಲಾ ಬಸ್ಸುಗಳಲ್ಲಿಯೂ ಇದನ್ನು ಅಳವಡಿಸಿದ್ದರು. ಊರಿನವರ ನಿದ್ದೆ ಕೆಡಿಸುವ ಸದ್ದೆಂದು ಎಷ್ಟೋ ಪಟ್ಟಣಗಳು ಇದರ ಬಳಕೆಯನ್ನು ನಿಷೇಧಿಸಿವೆ. ಆದರೆ ಧ್ವನಿಪ್ರಿಯರು ಇದನ್ನು ಸಂಗ್ರಹದ ರತ್ನವೆಂದೆಣಿಸುತ್ತಾರೆ. ಮಕ್ಕಳು ತುಂಬಿದ ಬಸ್ಸನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಿದ ಸದ್ದು ಅದು ಎಂಬುದನ್ನು ನೆನೆದರೆ ಅವರ ಅಭಿಮಾನ ಅತಿಯೆನಿಸುವುದಿಲ್ಲ.

ಸಣ್ಣ ಸದ್ದುಗಳ ಸಂಸಾರ

ಎಲ್ಲ ಬಸ್ಸುಗಳೂ ಕ್ರೌನ್ ಬಸ್ಸಿನಂತೆ ಭವ್ಯವಾಗಿರಲಿಲ್ಲ. 1970ರ ದಶಕದವರೆಗೆ ಬಹುಪಾಲು ಶಾಲಾ ಬಸ್ಸುಗಳು ಪೆಟ್ರೋಲಿನಿಂದಲೇ ಓಡುತ್ತಿದ್ದವು. ತೈಲದ ಬೆಲೆ ಏರಿದ ಮೇಲೆ ಡೀಸೆಲ್ಲಿನ ಕಾಲ ಬಂದಿತು. ಇಂಟರ್‌ನ್ಯಾಷನಲ್ ಕಂಪನಿಯ ಡಿ.ಟಿ. 466, ಕಮಿನ್ಸ್ ಕಂಪನಿಯ 5.9 ಲೀಟರಿನ ಇಂಜಿನ್, ಕ್ಯಾಟರ್‌ಪಿಲ್ಲರ್ 3208 ಇವು ಮನೆಮಾತಾದವು. ಇಂಧನ ಒಮ್ಮೆಲೆ ಹೊತ್ತಿಕೊಳ್ಳುವಾಗ ಕೇಳುವ ಕಟಕಟ ಬಡಿತ ಹಳೆಯ ಡೀಸೆಲ್ಲಿನ ಗುರುತು. ಪಳಗಿದ ಕಿವಿಯವರು ಆ ಬಡಿತದ ಗತಿಯಿಂದಲೇ ಇಂಜಿನ್ ಯಾವುದೆಂದು ಹೇಳಬಲ್ಲರು.

ಗೇರುಪೆಟ್ಟಿಗೆಗೂ ತನ್ನದೇ ದನಿ. ತಾನಾಗಿ ಗೇರು ಬದಲಿಸುವ ಆಲಿಸನ್ ಕಂಪನಿಯ ಎ.ಟಿ. 545 ಎಂಬ ಪೆಟ್ಟಿಗೆ ಒಂದು ಕಾಲದಲ್ಲಿ ಅಸಂಖ್ಯ ಬಸ್ಸುಗಳಲ್ಲಿತ್ತು. ಅದರಲ್ಲಿ ಇಂಜಿನಿಗೂ ಗಾಲಿಗೂ ನಡುವೆ ಎಣ್ಣೆಯ ಮೂಲಕವೇ ಸಂಬಂಧ. ಎರಡನ್ನೂ ಬಿಗಿಯಾಗಿ ಬೆಸೆಯುವ ಏರ್ಪಾಡು ಇರಲಿಲ್ಲ. ಆದ್ದರಿಂದ ಬಸ್ಸು ಹೊರಡುವ ಮೊದಲೇ ಇಂಜಿನಿನ ಸ್ವರ ಮೇಲೇರಿಬಿಡುತ್ತಿತ್ತು. ಹಾಡುಗಾರ ಮೊದಲು ಮೇಲಿನ ಸ್ವರ ಹಿಡಿದು ನಿಂತು, ತಾಳ ನಿಧಾನವಾಗಿ ಅವನನ್ನು ಕೂಡಿಕೊಂಡಂತೆ ಅದು ಕೇಳುತ್ತಿತ್ತು. ಇಂಧನದ ದೃಷ್ಟಿಯಿಂದ ಅದು ನಷ್ಟವೇ ಸರಿ. ಆದರೆ ಆ ನಷ್ಟದಲ್ಲಿಯೇ ಹುಟ್ಟಿದ ಸ್ವರ ಇಂದು ಹಲವರ ಬಾಲ್ಯದ ನೆನಪಾಗಿದೆ.

ಇನ್ನು ಗಾಳಿಯ ಬ್ರೇಕು. ತೊಟ್ಟಿಯಲ್ಲಿ ಗಾಳಿಯ ಒತ್ತಡ ಕುಗ್ಗಿದ್ದರೆ ಚಾಲಕನನ್ನು ಎಚ್ಚರಿಸಲು ಗುಂಯ್‌ಗುಡುವ ಕರೆ. ತುಂಬಿದ ಮೇಲೆ ‘ಫ್ಸ್’ ಎಂದು ಹೊರಬೀಳುವ ಉಸಿರು. ನಿಲ್ದಾಣದಲ್ಲಿ ಗುಬುಟನ್ನೆಳೆದಾಗ ದೀರ್ಘವಾದ ನಿಟ್ಟುಸಿರು. ಬಾಗಿಲನ್ನು ಚಾಲಕನೇ ಸನ್ನೆಕೋಲಿನಿಂದ ಎಳೆಯುತ್ತಿದ್ದ ಬಸ್ಸುಗಳಲ್ಲಿ ಅದರ ಕಿರ್ರೆಂಬ ಸದ್ದು ಬೇರೆ. ತಲೆಯ ಮೇಲೆ ಕೆಂಪು ದೀಪಗಳು ಒಂದರ ನಂತರ ಒಂದು ಮಿನುಗುವಾಗ ಒಳಗಡೆ ಟಿಕ್ ಟಿಕ್ ಎಂಬ ಎಣಿಕೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕೆಂಬುದು ನಿಯಮ. ಈ ಟಿಕ್ ಟಿಕ್ ಕೇಳುತ್ತಿರುವಷ್ಟು ಹೊತ್ತು ಸಾಧಾರಣ ರಸ್ತೆಯ ಎರಡೂ ದಿಕ್ಕಿನ ವಾಹನಗಳು ನಿಂತಿರಬೇಕು. ಮಗು ರಸ್ತೆ ದಾಟುತ್ತಿರುತ್ತದೆ. ಕಿಟಕಿಗಳ ಗಲಗಲ, ಹಿಂಬಾಗಿಲಿನ ಚಿಲಕ ಅಲುಗಿದರೆ ಕೂಗುವ ಗಂಟೆ, ಮಳೆಯಲ್ಲಿ ಗಾಜು ಒರೆಸುವ ಕಡ್ಡಿಗಳ ಸರಕ್ ಸರಕ್ ಇವೆಲ್ಲ ಸೇರಿ ಒಂದು ತುಂಬುಸಂಸಾರ.

ಮಕ್ಕಳು ಬಸ್ಸನ್ನು ಅರಿಯುವುದೇ ಧ್ವನಿಯಿಂದ ಎಂಬುದಕ್ಕೆ ನಮ್ಮ ಶಿಶುವಿಹಾರಗಳಲ್ಲಿಯೂ ಹಾಡಿಸುವ ‘ವೀಲ್ಸ್ ಆನ್ ದ ಬಸ್’ ಎಂಬ ಮಕ್ಕಳ ಹಾಡು ಸಾಕ್ಷಿ. ಆ ಹಾಡು ಬಸ್ಸಿನ ಒಂದೊಂದು ಅಂಗ ಮಾಡುವ ಸದ್ದನ್ನು ಅನುಕರಿಸುತ್ತ ಸಾಗುತ್ತದೆ. ದೊಡ್ಡವರಾದ ಮೇಲೂ ಆ ಆಟವನ್ನು ಬಿಡದವರೇ ಈ ಹವ್ಯಾಸಿಗಳು ಎನ್ನಬಹುದು.

ಕೂಡಿಡುವ ಬಗೆ

ಇವರು ಧ್ವನಿಮುದ್ರಣ ಮಾಡುವ ರೀತಿಯಲ್ಲಿ ಒಂದು ಶಿಸ್ತಿದೆ. ಚಳಿಯ ಬೆಳಗಿನಲ್ಲಿ ತಣ್ಣಗಿರುವ ಇಂಜಿನ್ ಮೊದಲ ಬಾರಿಗೆ ಹೊತ್ತಿಕೊಳ್ಳುವ ಸದ್ದು ಒಂದು ಬಗೆ. ನಿಂತಲ್ಲಿಯೇ ಗುನುಗುವುದು ಇನ್ನೊಂದು. ಒಳಗೆ ಕೂತು ಇಡೀ ಪ್ರಯಾಣವನ್ನು ಹಿಡಿಯುವುದು ಮತ್ತೊಂದು. ಇಂಜಿನ್ ಹಿಂದಿರುವ ಬಸ್ಸಾದರೆ ಕೊನೆಯ ಸಾಲಿನ ಆಸನ, ಮುಂದಿರುವ ಬಸ್ಸಾದರೆ ಮೊದಲ ಸಾಲು. ಹಿಂದೆ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದನ್ನು ಈಗ ಕೈಫೋನಿನಲ್ಲಿ ಹಿಡಿಯುತ್ತಾರೆ. ಹಣವೂ ಸ್ಥಳವೂ ಉಳ್ಳವರು ಹರಾಜಿನಲ್ಲಿ ಹಳೆಯ ಬಸ್ಸನ್ನೇ ಕೊಂಡು ರಿಪೇರಿ ಮಾಡಿಸಿಡುವುದೂ ಉಂಟು.

ಇವರ ಮಾರ್ಗ ತೀರ ಹೊಸದಲ್ಲ. ಅಮೆರಿಕದ ಛಾಯಾಗ್ರಾಹಕ ವಿನ್‌ಸ್ಟನ್ ಲಿಂಕ್ ಅವರು 1950ರ ದಶಕದಲ್ಲಿ ಮರೆಯಾಗುತ್ತಿದ್ದ ಉಗಿಬಂಡಿಗಳ ಚಿತ್ರ ತೆಗೆಯುವುದರ ಜೊತೆಗೆ ಅವುಗಳ ಧ್ವನಿಯನ್ನೂ ಮುದ್ರಿಸಿ ತಟ್ಟೆಗಳಾಗಿ ಹೊರತಂದರು. ಕೆನಡಾದ ಸಂಗೀತಕಾರ ಮರ್ರೆ ಶೇಫರ್ ಅವರು ವ್ಯಾಂಕೂವರ್ ಬಳಿಯ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಊರೂರಿನ ಧ್ವನಿಗಳನ್ನು ದಾಖಲಿಸುವ ಕಾರ್ಯ ಕೈಗೊಂಡು, ಒಂದು ಊರಿಗೆ ಹೆಗ್ಗುರುತಾದ ಕಟ್ಟಡವಿದ್ದಂತೆ ಹೆಗ್ಗುರುತಾದ ಧ್ವನಿಯೂ ಇರುತ್ತದೆ, ಅದನ್ನು ಕಾಪಾಡಬೇಕು ಎಂದು ಪ್ರತಿಪಾದಿಸಿದರು. 1977ರಲ್ಲಿ ಪ್ರಕಟವಾದ ಅವರ ಗ್ರಂಥ ಈ ಚಿಂತನೆಗೆ ತಳಹದಿ ಹಾಕಿತು. ಬೆಳಗಿನ ಏಳು ಗಂಟೆಗೆ ಓಣಿಯ ತಿರುವಿನಲ್ಲಿ ಕೇಳುವ ಶಾಲಾ ಬಸ್ಸಿನ ಸದ್ದು ಅಮೆರಿಕದ ಊರುಗಳಿಗೆ ಅಂಥದೊಂದು ಹೆಗ್ಗುರುತೇ ಆಗಿತ್ತು. ಕಾಣುವುದಕ್ಕಿಂತ ಮೊದಲು ಅದು ಕೇಳುತ್ತಿತ್ತು. ಆ ದನಿ ಬಿದ್ದೊಡನೆ ತಾಯಿ ಬುತ್ತಿಯ ಡಬ್ಬಿ ಚೀಲಕ್ಕೆ ತುರುಕುತ್ತಿದ್ದಳು, ಮಗು ಬೂಟಿನ ದಾರ ಕಟ್ಟದೆಯೇ ಓಡುತ್ತಿತ್ತು.

ಹೊಗೆಯ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ನೋಡಬೇಕು. ಹಳೆಯದೆಲ್ಲ ಒಳ್ಳೆಯದೆಂದು ಭಾವಿಸುವುದು ವಿವೇಕವಲ್ಲ. ಆ ಮಧುರ ಧ್ವನಿಯ ಇಂಜಿನುಗಳೇ ದಟ್ಟವಾದ ಹೊಗೆಯನ್ನೂ ಕಾರುತ್ತಿದ್ದವು. ಡೀಸೆಲ್ ಹೊಗೆ ಮನುಷ್ಯರಲ್ಲಿ ಅರ್ಬುದ ರೋಗಕ್ಕೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗವು 2012ರಲ್ಲಿ ನಿಸ್ಸಂದಿಗ್ಧವಾಗಿ ಸಾರಿತು. ಎಳೆಯ ಶ್ವಾಸಕೋಶಗಳ ಪಕ್ಕದಲ್ಲಿಯೇ ಆ ಹೊಗೆ ಸುಳಿದಾಡುತ್ತಿತ್ತೆಂಬುದನ್ನು ಯಾವ ಅಭಿಮಾನವೂ ಮರೆಸಬಾರದು.

ಹೊಗೆಯೊಂದೇ ಅಲ್ಲ. ಅಮೆರಿಕದ ಸರ್ಕಾರ 1977ರ ಏಪ್ರಿಲ್ 1ರಿಂದ ಶಾಲಾ ಬಸ್ಸುಗಳ ಕವಚದ ಬಲ, ಬೆಸುಗೆಯ ಬಿಗಿ, ಆಸನಗಳ ರಚನೆ, ಇಂಧನ ತೊಟ್ಟಿಯ ರಕ್ಷಣೆ ಇವುಗಳಿಗೆ ಕಠಿಣ ನಿಯಮಗಳನ್ನು ತಂದಿತು. ಅದಕ್ಕೆ ಸ್ವಲ್ಪವೇ ಮೊದಲು ತಯಾರಾಗಿದ್ದ, ಶಾಲೆಯ ಸೇವೆಯಿಂದ ನಿವೃತ್ತವಾಗಿದ್ದ ಬಸ್ಸೊಂದಕ್ಕೆ 1988ರ ಮೇ 14ರ ರಾತ್ರಿ ಕೆಂಟಕಿ ರಾಜ್ಯದ ಕ್ಯಾರಲ್ಟನ್ ಬಳಿ ಎದುರಿನಿಂದ ಬಂದ ವಾಹನ ಡಿಕ್ಕಿ ಹೊಡೆಯಿತು. ಅದರ ಚಾಲಕ ಮದ್ಯಪಾನ ಮಾಡಿದ್ದ. ಬಸ್ಸಿನ ಇಂಧನ ತೊಟ್ಟಿ ಒಡೆದು ಬೆಂಕಿ ಹತ್ತಿಕೊಂಡು 27 ಜನ ಅಸುನೀಗಿದರು. ಅವರಲ್ಲಿ 24 ಮಂದಿ ಎಳೆಯರು. ಹಳೆಯ ಬಸ್ಸು ಏಕೆ ನಿವೃತ್ತವಾಗಬೇಕೆಂಬುದಕ್ಕೆ ಇದಕ್ಕಿಂತ ದಾರುಣವಾದ ಉತ್ತರ ಬೇಕಿಲ್ಲ.

ಕಾಲಕ್ರಮದಲ್ಲಿ ಬಸ್ಸುಗಳು ಸುಧಾರಿಸಿದಂತೆ ಅವುಗಳ ಧ್ವನಿ ತಗ್ಗಿತು. 1990ರ ದಶಕದಿಂದ ಇಂಧನದ ಹರಿವನ್ನು ವಿದ್ಯುನ್ಮಾನ ಸಾಧನಗಳು ನಿಯಂತ್ರಿಸತೊಡಗಿ ಬಡಿತ ಮೃದುವಾಯಿತು. ಎರಡು ಹೊಡೆತದ ಡೆಟ್ರಾಯಿಟ್ ಇಂಜಿನುಗಳು ಹೊಸ ಬಸ್ಸುಗಳಿಂದ ಮರೆಯಾದವು. 2007ರ ನಿಯಮಗಳಿಂದಾಗಿ ಹೊಗೆಯ ಕೊಳವೆಗೆ ಮಸಿ ಹಿಡಿಯುವ ಶೋಧಕಗಳು ಬಂದು ಸದ್ದನ್ನೂ ನುಂಗಿದವು. 2021ರ ಕಾಯಿದೆಯೊಂದರ ಮೂಲಕ ಹೊಗೆ ಕಡಿಮೆಯಿರುವ ಹೊಸ ಶಾಲಾ ಬಸ್ಸುಗಳಿಗೆ ಐದು ವರ್ಷಗಳಲ್ಲಿ 500 ಕೋಟಿ ಡಾಲರುಗಳನ್ನು ಮೀಸಲಿಡಲಾಯಿತು. ಅದರಿಂದ ವಿದ್ಯುತ್ತಿನಿಂದ ಓಡುವ ಬಸ್ಸುಗಳು ಹಲವು ಊರುಗಳಿಗೆ ಬಂದವು. ಅವು ಎಷ್ಟು ನಿಶ್ಶಬ್ದವೆಂದರೆ, ಮಕ್ಕಳಿಗೆ ಬಸ್ಸು ಬಂದದ್ದು ತಿಳಿಯಲೆಂದು ಕೆಲವು ತಯಾರಕರು ನಿಧಾನಗತಿಯಲ್ಲಿ ಕೃತಕ ಧ್ವನಿಯೊಂದನ್ನು ಹೊರಡಿಸುವ ಏರ್ಪಾಡು ಮಾಡಿದ್ದಾರೆ. ಒಂದು ಕಾಲಕ್ಕೆ ಬೇಡವೆಂದು ದೂರಿದ ಸದ್ದನ್ನು ಈಗ ಬೇಕೆಂದು ಮಾಡಿಸಬೇಕಾಗಿದೆ.

ಹಳೆಯ ಬಸ್ಸುಗಳು ಎಲ್ಲಿಗೆ ಹೋದವು? ಎಷ್ಟೋ ಗುಜರಿ ಸೇರಿದವು. ಎಷ್ಟೋ ಗ್ವಾಟೆಮಾಲಾ ಮುಂತಾದ ಮಧ್ಯ ಅಮೆರಿಕದ ದೇಶಗಳಿಗೆ ಮಾರಾಟವಾಗಿ, ಕೆಂಪು ಹಸಿರು ನೀಲಿ ಬಣ್ಣ ಬಳಿಸಿಕೊಂಡು, ಛಾವಣಿಯ ಮೇಲೆ ಗಂಟುಮೂಟೆ ಹೊತ್ತು ಊರಿಂದೂರಿಗೆ ಜನರನ್ನು ಸಾಗಿಸುತ್ತವೆ. 2012ರಲ್ಲಿ ‘ಲಾ ಕಾಮಿಯೊನೆಟಾ’ ಎಂಬ ಸಾಕ್ಷ್ಯಚಿತ್ರ ಅಂಥದೊಂದು ಬಸ್ಸಿನ ಪಯಣವನ್ನು ಹಿಂಬಾಲಿಸಿತು. ತವರಿನಲ್ಲಿ ಮೌನವಾದ ದನಿ ಪರನಾಡಿನ ಬೆಟ್ಟದ ದಾರಿಗಳಲ್ಲಿ ಇನ್ನೂ ಕೇಳುತ್ತಿದೆ. ಅಲ್ಲಿ ಅದರ ಹೊಗೆಯನ್ನು ಕುಡಿಯುವವರೂ ಮನುಷ್ಯರೇ ಎಂಬುದನ್ನು ಮಾತ್ರ ನಾವು ನೆನಪಿಡಬೇಕು.

ಬಾಗಿಲು ತೆರೆದು ಕೇಳುವ ನಿಯಮ

ಹಾಗಾದರೆ ಈ ಪ್ರೀತಿಯನ್ನು ಹೇಗೆ ತೂಗುವುದು? ಧ್ವನಿಮುದ್ರಣದ ಹಿರಿಮೆ ಇರುವುದೇ ಇಲ್ಲಿ ಎಂದು ನಮಗೆ ತೋರುತ್ತದೆ. ಹೊಗೆಯಿಂದ ಧ್ವನಿಯನ್ನು ಬೇರ್ಪಡಿಸಿ, ಕೇಡನ್ನು ಬಿಟ್ಟು ನೆನಪನ್ನು ಉಳಿಸಿಕೊಳ್ಳಲು ಅದೊಂದೇ ದಾರಿ. ಇಂಜಿನ್ ಗುಜರಿಗೆ ಹೋಗಲಿ, ಅದರ ದನಿ ಉಳಿಯಲಿ ಎನ್ನುವ ಹವ್ಯಾಸಿ ಯಾರಿಗೂ ಅಪಕಾರ ಮಾಡುತ್ತಿಲ್ಲ. ಅವನು ಪ್ರೀತಿಸುತ್ತಿರುವುದು ಉಕ್ಕನ್ನಾಗಲಿ ಡೀಸೆಲ್ಲನ್ನಾಗಲಿ ಅಲ್ಲ. ಮಗುವನ್ನು ಕರೆದೊಯ್ಯಲು, ಮಳೆಯೋ ಹಿಮವೋ ಎನ್ನದೆ, ಗೊತ್ತಾದ ಹೊತ್ತಿಗೆ ಒಬ್ಬರು ಬರುತ್ತಿದ್ದಾರೆ ಎಂಬ ಭರವಸೆಯನ್ನು. ಆ ಭರವಸೆಯ ಹಿಂದೆ ನಸುಕಿನಲ್ಲೆದ್ದು ಬಸ್ಸು ಹೊರಡಿಸುತ್ತಿದ್ದ, ಹೆಸರು ಎಲ್ಲಿಯೂ ದಾಖಲಾಗದ ಸಾವಿರಾರು ಚಾಲಕರ ಕಾಯಕವಿದೆ.

ಆ ಚಾಲಕರಿಗೆ ಕೇಳುವುದೂ ಕೆಲಸದ ಒಂದು ಭಾಗವಾಗಿತ್ತು. 1938ರ ಡಿಸೆಂಬರ್ 1ರ ಬೆಳಗ್ಗೆ ಯೂಟಾ ರಾಜ್ಯದಲ್ಲಿ ಹಿಮ ಬೀಳುತ್ತಿದ್ದಾಗ ಶಾಲಾ ಬಸ್ಸೊಂದು ರೈಲುಹಳಿ ದಾಟಲು ಹೋಗಿ ಸರಕುರೈಲಿಗೆ ಸಿಕ್ಕಿತು. ಚಾಲಕನೂ 20ಕ್ಕೂ ಹೆಚ್ಚು ಮಕ್ಕಳೂ ಮಡಿದರು. ಹಿಮದ ಮರೆಯಲ್ಲಿ ರೈಲು ಕಂಡಿರಲಿಲ್ಲ. ಆ ದುರಂತದ ಬಳಿಕ ಬಂದ ನಿಯಮದಂತೆ ಶಾಲಾ ಬಸ್ಸು ಹಳಿಯ ಬಳಿ ನಿಲ್ಲಬೇಕು. ಚಾಲಕ ಬಾಗಿಲನ್ನೂ ಪಕ್ಕದ ಕಿಟಕಿಯನ್ನೂ ತೆರೆದು ಕಿವಿಗೊಟ್ಟು ಆಲಿಸಬೇಕು. ಮಕ್ಕಳನ್ನು ಸುಮ್ಮನಿರಿಸುವುದು ವಾಡಿಕೆ. ಫ್ಯಾನು, ರೇಡಿಯೊ ಮೊದಲಾದವುಗಳನ್ನು ಒಮ್ಮೆಲೆ ನಿಲ್ಲಿಸುವ ಗುಂಡಿಯೊಂದು ಎಷ್ಟೋ ಬಸ್ಸುಗಳಲ್ಲಿದೆ. ಈಚಿನ ದಶಕಗಳಲ್ಲಿ ಇನ್ನೊಂದು ಸದ್ದೂ ಸೇರಿಕೊಂಡಿದೆ. ಪ್ರಯಾಣ ಮುಗಿದ ಮೇಲೆ ಚಾಲಕ ಕೊನೆಯ ಸಾಲಿನವರೆಗೆ ನಡೆದುಹೋಗಿ, ಯಾವ ಮಗುವೂ ನಿದ್ದೆಹೋಗಿ ಉಳಿದಿಲ್ಲವೆಂದು ನೋಡಿ, ಅಲ್ಲಿರುವ ಗುಂಡಿ ಒತ್ತಬೇಕು. ಒತ್ತದಿದ್ದರೆ ಬಸ್ಸು ಕೂಗಿಕೊಳ್ಳುತ್ತದೆ.

ಯಂತ್ರಗಳು ಬದಲಾಗುತ್ತವೆ, ಅವುಗಳ ಸ್ವರವೂ ಬದಲಾಗುತ್ತದೆ. ಡೆಟ್ರಾಯಿಟ್ ಇಂಜಿನಿನ ತಾರಸ್ವರ ಇನ್ನು ಮುದ್ರಣಗಳಲ್ಲಿಯೇ ಕೇಳಬೇಕಾದುದು. ಆದರೆ ರೈಲುಹಳಿಯ ಮುಂದೆ ಬಾಗಿಲು ತೆರೆದು ಆಲಿಸುವ ನಿಯಮದಿಂದ ಸದ್ದಿಲ್ಲದ ಹೊಸ ಬಸ್ಸಿಗೂ ವಿನಾಯಿತಿಯಿಲ್ಲ. ಮುಂದಿನ ಬಾರಿ ಮಕ್ಕಳ ಬಳಿಗೆ ಆ ದೇಶಕ್ಕೆ ಹೋಗುವ ಹಿರಿಯರು ಮೊಮ್ಮಗುವಿನ ಜೊತೆ ಬೀದಿಯ ತಿರುವಿನಲ್ಲಿ ನಿಂತಾಗ ಒಂದು ಕ್ಷಣ ಕಿವಿಗೊಟ್ಟು ನೋಡಲಿ; ಮಗು ಬಸ್ಸನ್ನು ಕಾಣುವ ಮೊದಲೇ ಅದು ಬಂತೆಂದು ಹೇಳಿದರೆ, ಹೇಗೆ ತಿಳಿಯಿತೆಂದು ಕೇಳಲಿ.